ಮಂಜುಗಡ್ಡೆಯ ಸೀಮೆಗೆ ಗಾಜಿನ ಪೆಟ್ಟಿಗೆ

ಹಿರಿಯೂರು

ಭೂಮಿಯ ಉತ್ತರದ ತುದಿಯ ಹತ್ತಿರ ಫೋಟೊ ತೆಗೆಯಲು ಹೋಗುತ್ತಿದ್ದೇವೆ ಎಂದು ಹರಿಯಬ್ಬೆಯ ನನ್ನ ಮಾವನಿಗೆ ಹೇಳಿದಾಗ ಅವರು ಕುರಿಗಳನ್ನು ರೊಪ್ಪಕ್ಕೆ ಹೊಡೆಯುತ್ತಿದ್ದರು. ಕೈಕೆಲಸ ಬಿಡದೆ, “ಅಲ್ಲಿ ಯಾರ್ದಪ್ಪ ಮದುವೆ?” ಎಂದು ಕೇಳಿದರು.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಾನು, ತಿಪ್ಪೇಸ್ವಾಮಿ, ಹಿರಿಯೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಕ್ಯಾಮೆರಾ ಹೆಗಲಿಗೇರಿಸಿ ಊರು ಬಿಟ್ಟೆನೆಂದರೆ ಐಮಂಗಲದಲ್ಲೋ ಹೊಳಲ್ಕೆರೆಯಲ್ಲೋ ಯಾರೋ ತಾಳಿ ಕಟ್ಟುತ್ತಿದ್ದಾರೆ ಎಂದೇ ಅರ್ಥ. ಮದುವೆ ಅಲ್ಲ, ಬರೀ ಮಂಜುಗಡ್ಡೆಯ ಫೋಟೊ ಎಂದೆ. ಮಾವ ಕೊನೆಯ ಕುರಿಯನ್ನೂ ಒಳಗೆ ಹೊಡೆದು, ಮಂಜುಗಡ್ಡೆ ಹಿರಿಯೂರಿನ ಮೀನಿನ ಅಂಗಡಿಯಲ್ಲೂ ಇರುತ್ತದಲ್ಲ ಎಂದರು.

ಇದಕ್ಕೆಲ್ಲ ಕಾರಣ ಗಾಜು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ನಮ್ಮ ಸ್ಟುಡಿಯೊದ ಡಾರ್ಕ್‌ರೂಮಿಗೆ ಕೆಲಸವಿರಲಿಲ್ಲ. ನನ್ನ ಹೆಂಡತಿ ಗಂಗಮ್ಮ ಅಲ್ಲಿ ತೆಂಗಿನಕಾಯಿ ಒಟ್ಟಿದ್ದಳು. ಒಂದು ಮಳೆಗಾಲ ನಾನು ಕಾಯಿಗಳನ್ನು ಹೊರಗೆ ಸಾಗಿಸಿ, ಹಳೇ ಕಾಲದವರ ಹಾಗೆ ಗಾಜಿನ ಮೇಲೆ ಫೋಟೊ ತೆಗೆಯುವುದನ್ನು ಕಲಿಯತೊಡಗಿದೆ. ಬೆಳ್ಳಿಯ ಲವಣ ಬೆರೆಸಿದ ಜೆಲಟಿನ್ನನ್ನು ಕೆಂಪು ದೀಪದಲ್ಲಿ ಗಾಜಿಗೆ ಸವರಿ, ಒಣಗಿಸಿ, ಬೆಳಕು ಸೋಕದಂತೆ ಪೆಟ್ಟಿಗೆಯಲ್ಲಿ ಇಡಬೇಕು. ಇಂಥ ಪ್ಲೇಟಿನ ಮುಂದೆ ಕುಳಿತವರು ಅಲ್ಲಾಡದೆ ಇರಬೇಕು. ನಮ್ಮ ಗಿರಾಕಿಗಳಿಗೆ ಅಷ್ಟು ಪುರುಸೊತ್ತು ಇಲ್ಲ. ಹಾಗಾಗಿ ಪ್ರತಿಸಲವೂ ಗಂಗಮ್ಮನೇ ನಿಲ್ಲುತ್ತಿದ್ದಳು. ಅವಳಷ್ಟು ಅಲ್ಲಾಡದೆ ನಿಲ್ಲುವವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಒಮ್ಮೆ ಮೂಗಿನ ಮೇಲೆ ನೊಣ ಕೂತು ಎದ್ದುಹೋಯಿತು. ಫೋಟೊದಲ್ಲಿ ನೊಣ ಮಸುಕಾಗಿದೆ, ಗಂಗಮ್ಮ ಸ್ಪಷ್ಟವಾಗಿದ್ದಾಳೆ.

ಆ ಫೋಟೊಗಳನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ಇಂಗ್ರಿಡ್ ಎಂಬ ನಾರ್ವೆಯ ಹೆಂಗಸು ನನಗೆ ಬರೆದಳು. ಅವಳೂ ಫೋಟೊಗ್ರಾಫರ್. ನೂರು ವರ್ಷಕ್ಕೂ ಹಿಂದೆ ಧ್ರುವಪ್ರದೇಶಕ್ಕೆ ಹೋದ ಹಡಗುಗಳಲ್ಲಿದ್ದ ಫೋಟೊಗ್ರಾಫರುಗಳ ಮೇಲೆ ಅವಳಿಗೆ ಹುಚ್ಚು. ಅವರು ನಿಂತ ಜಾಗಗಳಲ್ಲಿ ನಿಂತು, ಅವರ ಹಾಗೆಯೇ ಗಾಜಿನ ಮೇಲೆ ಫೋಟೊ ತೆಗೆಯಬೇಕು, ಪ್ಲೇಟುಗಳನ್ನು ನೀನು ಮಾಡಿಕೊಂಡು ಬಾ, ಅಲ್ಲಾಡದೆ ನಿಲ್ಲುವ ಆ ಹೆಂಗಸನ್ನೂ ಕರೆದುಕೊಂಡು ಬಾ ಎಂದಳು. ನಾನು ಹೊಸದುರ್ಗದ ಬಡಗಿಯೊಬ್ಬರಿಂದ ಸಾಗುವಾನಿಯ ಪೆಟ್ಟಿಗೆ ಮಾಡಿಸಿದೆ. ಒಳಗೆ ಪ್ಲೇಟು ನಿಲ್ಲಿಸಲು ಸೀಳು ಕೊರೆದ ಪಟ್ಟಿಗಳು, ಮೇಲೆ ಬೆಳಕು ನುಸುಳದ ಮುಚ್ಚಳ. ಗಂಗಮ್ಮ ಒಂದು ಕರಿ ಕಂಬಳಿ, ರಾಗಿ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಳು.

ಬೆಂಗಳೂರು ವಿಮಾನ ನಿಲ್ದಾಣ

ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಡಿ ಎಂದು ಕೇಳಿಕೊಂಡೆ. ತಪಾಸಣೆಯವರು ನನ್ನನ್ನು ಪಕ್ಕಕ್ಕೆ ಕರೆದರು. ಅಧಿಕಾರಿಯ ಮಾತು ಕೇಳಿದ ಕೂಡಲೇ ನಮ್ಮ ಕಡೆಯವರೆಂದು ಗೊತ್ತಾಯಿತು. ಹೊಳಲ್ಕೆರೆ ಹತ್ತಿರದವರಂತೆ.

“ಒಳಗೇನೈತ್ರಿ?”

ಗಾಜು ಎಂದೆ.

“ಗಾಜಿನ ಮ್ಯಾಲೇನೈತೆ?”

ಇನ್ನೂ ಏನೂ ಇಲ್ಲ ಎಂದೆ.

“ಏನೂ ಇಲ್ದಿದ್ರೆ ತೆಗೆದು ತೋರ್ಸಾಕೇನು?”

ತೋರಿಸಿದರೆ ಮುಂದೆ ಅದರ ಮೇಲೆ ಏನೂ ಬರುವುದಿಲ್ಲ ಎಂದೆ. ಅವರು ನನ್ನ ಮುಖವನ್ನೂ ಪಾಸ್‌ಪೋರ್ಟಿನ ಮುಖವನ್ನೂ ಇನ್ನೊಂದು ಸಲ ಹೋಲಿಸಿದರು.

ಕೊನೆಗೆ ನನ್ನ ಬಳಿ ಇದ್ದ ಕಪ್ಪು ಚೀಲ ನೆರವಿಗೆ ಬಂತು. ಬೆಳಕು ತಾಗದಂತೆ ಒಳಗೆ ಕೈ ತೂರಿಸಿ ಪ್ಲೇಟು ಬದಲಿಸಲು ಹೊಲಿಸಿದ ಚೀಲ ಅದು. ಪೆಟ್ಟಿಗೆಯನ್ನು ಅದರೊಳಗೆ ಇಟ್ಟೆವು. ಅಧಿಕಾರಿ ಮೊಣಕೈವರೆಗೆ ಕೈ ತೂರಿಸಿ ಕಣ್ಣು ಮುಚ್ಚಿಕೊಂಡು, ಎಮ್ಮೆಯ ಹೊಟ್ಟೆಯಲ್ಲಿ ಕರು ತಡಕುವ ದನದ ಡಾಕ್ಟರ ಹಾಗೆ ಬಹಳ ಹೊತ್ತು ತಡಕಿದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಗಾಜೇ ಎಂದು ಅವರಿಗೆ ಖಾತ್ರಿಯಾಯಿತು. ಕೈ ಹೊರಗೆ ತೆಗೆದು, ವಾಪಸು ಬರುವಾಗ ಅದರ ಮೇಲೆ ಏನಾದರೂ ಬಂದಿದ್ದರೆ ತಮಗೂ ತೋರಿಸಬೇಕು ಎಂದರು.

ಗಂಗಮ್ಮನ ಚಟ್ನಿಪುಡಿಯನ್ನು ಯಾರೂ ಏನೂ ಕೇಳಲಿಲ್ಲ.

ಲಾಂಗ್‌ಯಿಯರ್‌ಬಿಯೆನ್

ಓಸ್ಲೊದಿಂದ ಇನ್ನೊಂದು ವಿಮಾನ ಹತ್ತಿ, ನಾರ್ವೆ ದೇಶ ಮುಗಿದು, ಸಮುದ್ರವೂ ಸಾಕಷ್ಟು ಮುಗಿದ ಮೇಲೆ ಸ್ವಾಲ್‌ಬಾರ್ಡ್ ಎಂಬ ದ್ವೀಪಗಳು ಸಿಗುತ್ತವೆ. ಅಲ್ಲಿನ ಊರು ಲಾಂಗ್‌ಯಿಯರ್‌ಬಿಯೆನ್. ಒಂದು ಮರವೂ ಇಲ್ಲ. ಗಂಗಮ್ಮ ಸುತ್ತಲೂ ನೋಡಿ, ಚಿತ್ರದುರ್ಗದ ಬೆಟ್ಟದಷ್ಟೇ ಬೋಳಾಗಿದೆ, ಆದರೆ ಕೋಟೆ ಕಟ್ಟುವಷ್ಟು ವ್ಯವಧಾನ ಇಲ್ಲಿ ಯಾರಿಗೂ ಇದ್ದಂತಿಲ್ಲ ಎಂದಳು.

ಊರಿನವರ ಒಂದು ಅಭ್ಯಾಸ ಅವಳಿಗೆ ಹಿಡಿಸಿತು. ಹೋಟೆಲಿಗೆ ಹೋದರೂ, ಮ್ಯೂಸಿಯಂಗೆ ಹೋದರೂ ಬಾಗಿಲಲ್ಲೇ ಶೂ ಬಿಚ್ಚಿಟ್ಟು ಕಾಲುಚೀಲದಲ್ಲಿ ಒಳಗೆ ಹೋಗಬೇಕು. ಹಿಂದೆ ಕಲ್ಲಿದ್ದಲ ಗಣಿಯವರು ಮಸಿ ಒಳಗೆ ತರಬಾರದೆಂದು ಶುರುವಾದದ್ದಂತೆ. ವಿದೇಶದಲ್ಲಿ ಜನ ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾರೆ ಎಂದು ಅವಳಿಗೆ ಯಾರೋ ಹೇಳಿ ಹೆದರಿಸಿದ್ದರು. ಅಂಗಡಿಗಳ ಬಾಗಿಲಲ್ಲಿ ಬಂದೂಕು ಒಳಗೆ ತರಬೇಡಿ ಎಂಬ ಚಿತ್ರವೂ ಇತ್ತು. ಊರು ದಾಟಿದರೆ ಹಿಮಕರಡಿ ಎದುರಾಗಬಹುದಾದ್ದರಿಂದ ಜನ ಬಂದೂಕಿಲ್ಲದೆ ಆ ಕಡೆ ಹೋಗುವುದಿಲ್ಲ. ತರಕಾರಿ ಕೊಳ್ಳುವಾಗ ಮಾತ್ರ ಬೇಡ ಎಂಬುದು ನ್ಯಾಯವೇ.

ಹಿಮಸಾರಂಗಗಳು ನಮ್ಮ ಬಸ್ ಸ್ಟ್ಯಾಂಡಿನ ನಾಯಿಗಳ ಹಾಗೆ ಮನೆಗಳ ನಡುವೆ ತಿರುಗುತ್ತವೆ. ಕುರಿ ಸಾಕಿದ ಮನೆಯಲ್ಲಿ ಹುಟ್ಟಿದ ಗಂಗಮ್ಮ ಅವುಗಳ ಹಿಂದೆ ಸ್ವಲ್ಪ ದೂರ ನಡೆದು ನೋಡಿ ಬಂದು, ಕಾಲು ಗಿಡ್ಡ, ಉಣ್ಣೆ ಒಳ್ಳೆಯದು, ಆದರೆ ಉಣ್ಣೆ ಕತ್ತರಿಸುವವರು ಯಾರೂ ಇಲ್ಲ ಎಂದು ವರದಿ ಕೊಟ್ಟಳು. ರಾತ್ರಿ ಊಟಕ್ಕೆ ಅದರ ಮಾಂಸವನ್ನೇ ಬಡಿಸಿದರು. ಉಪ್ಪು ಖಾರ ಸಾಲದು, ಮಾಂಸದ್ದೇನೂ ತಪ್ಪಿಲ್ಲ ಎಂದು ಚಟ್ನಿಪುಡಿ ಉದುರಿಸಿಕೊಂಡಳು.

ರಾತ್ರಿ ಎಂದೆ. ಅದು ಅಭ್ಯಾಸದ ಮಾತು. ಆ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ತಲೆಯ ಮೇಲೆ ಓರೆಯಾಗಿ ಸುತ್ತುತ್ತಲೇ ಇರುತ್ತಾನೆ. ಗಂಗಮ್ಮನಿಗೆ ಯಾವಾಗ ದೀಪ ಹಚ್ಚಬೇಕೆಂದು ಗೊತ್ತಾಗದೆ ಎರಡು ದಿನ ಕಸಿವಿಸಿಯಾಯಿತು. ನನಗಾದದ್ದು ಬೇರೆ ಚಿಂತೆ. ಕತ್ತಲೆಯೇ ಇಲ್ಲದ ಊರಿಗೆ, ಕತ್ತಲೆ ಇಲ್ಲದಿದ್ದರೆ ಕೆಟ್ಟುಹೋಗುವ ಸಾಮಾನನ್ನು ನಾನು ಹೊತ್ತು ತಂದಿದ್ದೆ.

ಹಡಗು

ಹಡಗು ಚಿಕ್ಕದು. ಮೊದಲ ದಿನ ನಾನು ಅದರ ಅಂಚು ಹಿಡಿದುಕೊಂಡು ಬಾಗಿದ್ದೇ ಹೆಚ್ಚು. ಇಂಗ್ರಿಡ್ ನನ್ನ ಪಕ್ಕದಲ್ಲೇ ನಿಂತು, ಹಳೇ ಕಾಲದ ಫೋಟೊಗ್ರಾಫರುಗಳಿಗೂ ಹೀಗೇ ಆಗುತ್ತಿತ್ತು, ಅವರಲ್ಲೊಬ್ಬ ಒಂದು ಕೈಯಲ್ಲಿ ಪ್ಲೇಟು ತೊಳೆಯುವ ತಟ್ಟೆ, ಇನ್ನೊಂದು ಕೈಯಲ್ಲಿ ವಾಂತಿಯ ತಟ್ಟೆ ಹಿಡಿದು ಕೆಲಸ ಮಾಡಿದ ಎಂದು ಸಮಾಧಾನ ಹೇಳಿದಳು. ಐವತ್ತರ ಆಸುಪಾಸಿನವಳು, ಕತ್ತರಿಸಿದ ಬಿಳಿ ಕೂದಲು, ನಿಧಾನದ ಇಂಗ್ಲಿಷು. ಗಂಗಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಇಬ್ಬರೂ ಬೆರಳು ತೋರಿಸಿಕೊಂಡು ನನಗಿಂತ ಜಾಸ್ತಿ ಮಾತಾಡುತ್ತಿದ್ದರು.

ನಮ್ಮ ಡಾರ್ಕ್‌ರೂಮು ಹಡಗಿನ ಬಚ್ಚಲು. ಕಿಟಕಿಗೆ ಕರಿ ಕಂಬಳಿ ಹೊಡೆದೆವು. ಕಂಬಳಿ ಅಲ್ಲೇ ಉಳಿಯಿತು.

ಊಟವಾದ ಮೇಲೆ ಇಂಗ್ರಿಡ್ ಹಳೆಯ ಫೋಟೊಗಳ ನಕಲುಗಳನ್ನು ಮೇಜಿನ ಮೇಲೆ ಹರಡಿ ಒಂದೊಂದರ ಕಥೆ ಹೇಳುತ್ತಿದ್ದಳು. ಕ್ಯಾಮೆರಾದ ಲೋಹಕ್ಕೆ ಬರಿಗೈ ತಾಗಿದರೆ ಚರ್ಮವೇ ಅಂಟಿಕೊಳ್ಳುತ್ತಿತ್ತಂತೆ. ಲೆನ್ಸಿನ ಮೇಲೆ ಉಸಿರು ಬಿದ್ದರೆ ಅಲ್ಲೇ ಮಂಜುಗಟ್ಟುತ್ತಿತ್ತು. ಅದಕ್ಕೇ ಫೋಟೊ ತೆಗೆಯುವವನು ಉಸಿರು ಬಿಗಿಹಿಡಿಯಬೇಕಿತ್ತು. ಹಸಿದ ಜನ ಫೋಟೊದಲ್ಲಿ ನಗುನಗುತ್ತಾ ಕೂತಿದ್ದಾರೆ. ಇದು ನನಗೆ ವಿಶೇಷವೆನಿಸಲಿಲ್ಲ. ಜ್ವರದ ಮದುಮಗ, ಜಗಳವಾಡಿದ ಬೀಗರು, ಎಲ್ಲರೂ ನನ್ನ ಫೋಟೊಗಳಲ್ಲಿ ನಕ್ಕಿದ್ದಾರೆ.

ಆದರೆ ಒಂದು ಕಥೆ ನನ್ನನ್ನು ಬಿಡಲಿಲ್ಲ. ಅದು ಭೂಮಿಯ ಇನ್ನೊಂದು ತುದಿಯದು, ದಕ್ಷಿಣದ್ದು. ಮಂಜುಗಡ್ಡೆಗೆ ಸಿಕ್ಕಿ ಹಡಗು ಪುಡಿಯಾಯಿತು. ಜನ ಗಡ್ಡೆಯ ಮೇಲೆ ಡೇರೆ ಹಾಕಿಕೊಂಡರು. ಹಡಗಿನ ಫೋಟೊಗ್ರಾಫರ್ ವಾಪಸು ಹೋಗಿ, ಬಟ್ಟೆ ಬಿಚ್ಚಿ, ಒಡೆದ ಹಡಗಿನೊಳಗೆ ತುಂಬಿದ್ದ ಮಂಜುನೀರಿಗೆ ಇಳಿದು ತೊಳೆದು ಚಿತ್ರ ಮೂಡಿಸಿದ್ದ ತನ್ನ ಪ್ಲೇಟುಗಳ ಡಬ್ಬಗಳನ್ನು ಮೇಲೆತ್ತಿದ. ಅಷ್ಟೂ ಗಾಜು ಹೊರಲು ಆಗುವಂತಿರಲಿಲ್ಲ. ಅವನೂ ಅವರ ನಾಯಕನೂ ಮಂಜಿನ ಮೇಲೆ ಕೂತು ಒಂದೊಂದೇ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ಅಲ್ಲೇ ಒಡೆದರು. ಬೇಡವಾದದ್ದೇ ಹೆಚ್ಚಿತ್ತು. ಆಮೇಲೆ ಮನಸ್ಸು ಬದಲಾಗಬಾರದು ಎಂದೇ ಒಡೆದದ್ದಂತೆ.

ಕನ್ನಡದಲ್ಲಿ ಇದನ್ನು ಗಂಗಮ್ಮನಿಗೆ ಹೇಳಿದೆ. ಅವಳು ಕೇಳಿ, “ಒಡೆದಿದ್ದೇ ಒಳ್ಳೇದಾತು ಬಿಡ್ರಿ. ಇಲ್ದಿದ್ರೆ ಅರ್ಧ ದಾರಿಯಿಂದ ತಿರುಗಿ ಬಂದು ಹೊತ್ಕಂಡು ಹೋಗ್ತಿದ್ದ. ನಿಮ್ಮಂಥೋನೇ ಇರ್ಬೇಕು” ಎಂದಳು.

ಬಲೂನು ಹಾರಿದ ದ್ವೀಪ

ವಾಯವ್ಯದ ಒಂದು ಪುಟ್ಟ ದ್ವೀಪದಲ್ಲಿ ಇಳಿದೆವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೂವರು ಅಲ್ಲಿಂದ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟಿದ್ದರು. ಈಗ ಅಲ್ಲಿ ಕೊಳೆತ ಹಲಗೆಗಳು, ತುಕ್ಕು ಹಿಡಿದ ಕಬ್ಬಿಣ ಅಷ್ಟೆ. ಯಾವುದನ್ನೂ ಮುಟ್ಟಬಾರದು ಎಂದು ನಮ್ಮ ಗೈಡ್ ಲಾರ್ಸ್ ಎಚ್ಚರಿಸಿದ. ಅವನು ಗಡ್ಡದ, ಮಿತಭಾಷಿ ಆಳು. ಹೆಗಲಿನ ಬಂದೂಕನ್ನೂ ಬೆನ್ನಿನ ಚೀಲವನ್ನೂ ಇಳಿಸಿದ್ದನ್ನು ನಾನು ನೋಡಿರಲಿಲ್ಲ.

ಬಲೂನು ಸ್ವಲ್ಪ ದಿನದಲ್ಲೇ ಮಂಜಿನ ಮೇಲೆ ಇಳಿಯಿತು. ಮೂವರೂ ನಡೆದು ನಡೆದು ಇನ್ನೊಂದು ದ್ವೀಪ ಮುಟ್ಟಿ ಅಲ್ಲಿ ಸತ್ತರು. ಮೂವತ್ತು ವರ್ಷಗಳ ಮೇಲೆ ಯಾರೋ ಅವರ ದೇಹಗಳನ್ನೂ ಕ್ಯಾಮೆರಾವನ್ನೂ ಕಂಡರು. ಒಳಗಿದ್ದ ಫಿಲ್ಮನ್ನು ತೊಳೆದರೆ ಚಿತ್ರ ಬಂತು. ನೆಲಕ್ಕೆ ಒರಗಿದ ಬಲೂನು, ಅದನ್ನು ನೋಡುತ್ತಾ ನಿಂತ ಇಬ್ಬರು. ಮೂರನೆಯವನು ಕ್ಯಾಮೆರಾದ ಹಿಂದೆ ಇದ್ದ.

ಅವರು ಹೊರಟ ಜಾಗದಲ್ಲಿ ಗಂಗಮ್ಮನನ್ನು ನಿಲ್ಲಿಸಿ ಪ್ಲೇಟು ತೆಗೆದೆವು. ಗಾಳಿಗೆ ಸೀರೆಯ ಸೆರಗು ಹಾರಬಾರದೆಂದು ಅದನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು ನಿಂತಳು. ಮುಗಿದ ಮೇಲೆ, ಅಷ್ಟು ಮೇಲೆ ಹೋದವರಿಗೆ ಇಳಿಯುವ ದಾರಿ ಗೊತ್ತಿರಲಿಲ್ಲವಾ ಎಂದು ಕೇಳಿದಳು. ಗಾಳಿ ಹೋದ ಕಡೆ ಬಲೂನು ಎಂದೆ. ಅವರಿಗೆ ಹೆಂಡಿರು ಇದ್ದರಾ ಎಂದು ಕೇಳಿದಳು. ಒಬ್ಬನಿಗೆ ಮದುವೆ ಗೊತ್ತಾಗಿತ್ತಂತೆ ಎಂದು ಇಂಗ್ರಿಡ್ ಹೇಳಿದಳು. ಗಂಗಮ್ಮ ಜಾಕೆಟ್ಟಿನೊಳಗಿನ ಸೆರಗು ಹೊರಗೆಳೆದುಕೊಂಡು ದೋಣಿಯ ಕಡೆ ನಡೆದಳು.

ಹೆಸರು ನೆನಪಿಲ್ಲದ ಕೊಲ್ಲಿ

ಮಾರನೆಯ ದಿನ ಹಡಗು ಒಂದು ಕೊಲ್ಲಿಯ ಬಾಯಲ್ಲಿ ನಿಂತಿತು. ನಾವು ನಾಲ್ವರು ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋದೆವು: ಲಾರ್ಸ್, ಇಂಗ್ರಿಡ್, ಗಂಗಮ್ಮ, ನಾನು. ಬಿಸಿಲು ಚೆನ್ನಾಗಿತ್ತು. ಗಂಗಮ್ಮ ಬಿಸಿಲಿಗೆ ಮುಖವೊಡ್ಡಿ ದಡದಲ್ಲಿ ನಿಂತಳು, ಪ್ಲೇಟು ತೆಗೆದೆವು. ಸಿಕ್ಕಿದ ಪ್ಲೇಟುಗಳಲ್ಲೆಲ್ಲ ಅದೇ ಉತ್ತಮ ಎಂದು ನನಗೂ ಇಂಗ್ರಿಡ್‌ಗೂ ಅನ್ನಿಸಿತು. ಅಷ್ಟು ದಿನ ತೆಗೆದ ಎಲ್ಲ ಪ್ಲೇಟುಗಳೂ ಆ ಪೆಟ್ಟಿಗೆಯಲ್ಲಿದ್ದವು. ತೊಳೆಯುವ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದೆವು, ಅಲ್ಲಿಯವರೆಗೆ ಅವು ಬೆಳಕು ಕಾಣುವಂತಿರಲಿಲ್ಲ.

ಲಾರ್ಸ್ ಸಮುದ್ರದ ಕಡೆ ನೋಡುತ್ತಿದ್ದವನು, ಈಗಲೇ ಹೊರಡಬೇಕು ಎಂದ. ಗಾಳಿ ತಿರುಗಿತ್ತು. ಹೊರಗಿನ ಮಂಜುಗಡ್ಡೆಗಳು ಒಂದರ ಹಿಂದೊಂದು ಕೊಲ್ಲಿಯೊಳಗೆ ಬರುತ್ತಿದ್ದವು. ನಮ್ಮೂರಲ್ಲಿ ಬಸ್ಸು ಬಂದಾಗ ಜನ ಬರುತ್ತಾರಲ್ಲ, ಹಾಗೆ. ಅವಸರವಿಲ್ಲ ಅನ್ನಿಸುತ್ತದೆ, ಆದರೆ ನೋಡುವಷ್ಟರಲ್ಲಿ ಜಾಗವಿರುವುದಿಲ್ಲ.

ದೋಣಿ ತಳ್ಳಿ, ಕ್ಯಾಮೆರಾ, ಅದರ ಸ್ಟ್ಯಾಂಡು, ಕಪ್ಪು ಚೀಲ ಒಳಗಿಟ್ಟೆವು. ಇಂಗ್ರಿಡ್ ಪೆಟ್ಟಿಗೆ ಹಿಡಿದು ಹತ್ತುತ್ತಿದ್ದಳು. ಅಷ್ಟರಲ್ಲಿ ಒಂದು ಗಡ್ಡೆ ದೋಣಿಯ ಕೆಳಗೆ ನುಗ್ಗಿ ಅದನ್ನು ಒಂದು ಕಡೆಗೆ ಎತ್ತಿತು. ಕ್ಯಾಮೆರಾವೂ ಕಪ್ಪು ಚೀಲವೂ ಜಾರಿ ನೀರಿಗೆ ಬಿದ್ದವು. ಇಂಗ್ರಿಡ್ ದೋಣಿಗೂ ಗಡ್ಡೆಗೂ ನಡುವೆ ಬಿದ್ದಳು. ಕತ್ತಿನವರೆಗೆ ಮುಳುಗಿದಳು. ಪೆಟ್ಟಿಗೆಯನ್ನು ಮಾತ್ರ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಅದನ್ನು ಬಿಟ್ಟು ದೋಣಿಯ ಹಗ್ಗ ಹಿಡಿದುಕೊ ಎಂದು ಲಾರ್ಸ್ ಕೂಗಿದ. ಅವಳು ಬಿಡಲಿಲ್ಲ. ನಾನು ಮೊಣಕಾಲುದ್ದದ ನೀರಿಗಿಳಿದು ಪೆಟ್ಟಿಗೆ ಇಸಿದುಕೊಂಡ ಮೇಲೆಯೇ ಅವಳು ಲಾರ್ಸ್‌ಗೆ ಕೈ ಕೊಟ್ಟಳು.

ಪೆಟ್ಟಿಗೆ ಒಣಗಿತ್ತು. ಅದನ್ನು ಅವಳಿಗೆ ಹೇಳಿದೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಸಂತೋಷಪಟ್ಟಳು.

ಬೇಟೆಗಾರರ ಗುಡಿಸಲು

ದಡದಲ್ಲಿ ಒಂದು ಮರದ ಗುಡಿಸಲಿತ್ತು. ಹಿಂದೆ ನರಿ, ಕರಡಿ ಬೇಟೆಯಾಡುವವರು ಚಳಿಗಾಲ ಕಳೆಯಲು ಕಟ್ಟಿಕೊಂಡದ್ದು. ದೋಣಿಯನ್ನು ದಡಕ್ಕೆಳೆದು ಇಂಗ್ರಿಡ್‌ಳನ್ನು ಅಲ್ಲಿಗೆ ನಡೆಸಿದೆವು. ಲಾರ್ಸ್ ವೈರ್‌ಲೆಸ್ಸಿನಲ್ಲಿ ಹಡಗಿನವರೊಂದಿಗೆ ಮಾತಾಡಿದ. ಮಂಜು ತೆರೆಯುವವರೆಗೆ ಇನ್ನೊಂದು ದೋಣಿ ಕಳಿಸಲಾಗದು, ಹೆಲಿಕಾಪ್ಟರ್ ಬರಲಾಗದಂತೆ ಸಮುದ್ರದ ಮೇಲೆ ಕಣ್ಣು ಕಾಣದಷ್ಟು ಕಾವಳ ಕವಿಯುತ್ತಿದೆ, ಕಾಯಿರಿ ಎಂದರಂತೆ.

ಲಾರ್ಸ್‌ನ ಬೆನ್ನಿನ ಚೀಲದಲ್ಲಿ ಏನೇನಿತ್ತು ಎಂದು ಆಗ ಗೊತ್ತಾಯಿತು. ಒಣ ಉಣ್ಣೆಯ ಬಟ್ಟೆ, ಒಂದು ದಪ್ಪ ಮಲಗುವ ಚೀಲ, ಫ್ಲಾಸ್ಕಿನಲ್ಲಿ ಬಿಸಿ ಪಾನಕ. ನಾವು ಗಂಡಸರು ಗೋಡೆ ಕಡೆ ತಿರುಗಿದೆವು. ಗಂಗಮ್ಮ ಇಂಗ್ರಿಡ್‌ಳ ಒದ್ದೆ ಬಟ್ಟೆ ಬಿಚ್ಚಿ ಒಣಗಿದ್ದು ಹಾಕಿ ಚೀಲದೊಳಗೆ ಮಲಗಿಸಿದಳು. ಆದರೂ ನಡುಕ ನಿಲ್ಲಲಿಲ್ಲ. ಅವಳ ಜೊತೆ ಇನ್ನೊಬ್ಬರು ಮಲಗಿ ಮೈಯ ಕಾವು ಕೊಡಬೇಕು ಎಂದು ಲಾರ್ಸ್ ಹೇಳಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಗಂಗಮ್ಮ ಜಾಕೆಟ್ಟು ಕಳಚಿ ಚೀಲದೊಳಗೆ ಸೇರಿದ್ದಳು. ಆಗತಾನೇ ಹುಟ್ಟಿದ ಕುರಿಮರಿ ಮಳೆಗೆ ನೆನೆದರೆ ಅವರ ಮನೆಯಲ್ಲಿ ಹೀಗೇ ಮಾಡುತ್ತಿದ್ದರಂತೆ.

ಗುಡಿಸಲಿನಲ್ಲಿ ಕಬ್ಬಿಣದ ಒಲೆಯೊಂದಿತ್ತು. ಹೊರಗೆ ಸಮುದ್ರ ತಂದು ಹಾಕಿದ ದಿಮ್ಮಿಗಳೂ ಇದ್ದವು. ಆ ಗುಡಿಸಲುಗಳಲ್ಲಿ ಒಂದು ಪದ್ಧತಿ ಉಂಟು. ಹೋಗುವವರು ಮುಂದೆ ಬರುವವರಿಗಾಗಿ ಒಲೆಯ ಪಕ್ಕ ಒಣ ಚಕ್ಕೆ ಇಟ್ಟು ಹೋಗಬೇಕು. ನಮಗಿಂತ ಮೊದಲು ಬಂದವರು ಅದನ್ನು ಮರೆತಿದ್ದರು. ಲಾರ್ಸ್ ಕೊಡಲಿಯಿಂದ ದಿಮ್ಮಿ ಸೀಳಿ ಹಚ್ಚಿದ. ಹೊಗೆ ಬಂತು. ಬೆಂಚು ಒಡೆದು ಹಚ್ಚಿದ. ಸೋರುವ ಸೂರಿನ ಕೆಳಗೆ ಅದೂ ತೇವ ಕುಡಿದಿತ್ತು, ಅದರದ್ದೂ ಹೊಗೆಯೇ. ನಾವೆಲ್ಲ ಕೆಮ್ಮಿದೆವು. ಗಂಗಮ್ಮ ಇಂಗ್ರಿಡ್‌ಳ ಬೆನ್ನು ತಿಕ್ಕುತ್ತಿದ್ದವಳು ತಲೆ ಎತ್ತಿ, “ರೀ, ನಡುಗೋದು ನಿಲ್ಸಿದ್ಲು” ಎಂದಳು.

ನಾನು ಒಳ್ಳೆಯದಾಯಿತು ಎಂದುಕೊಂಡೆ. ಲಾರ್ಸ್‌ಗೆ ಹೇಳಿದೆ. ಅವನ ಮುಖ ನೋಡಿದಾಗ, ನಡುಗುವ ಶಕ್ತಿಯೂ ಅವಳ ಮೈಯಲ್ಲಿ ಉಳಿದಿಲ್ಲ ಎಂದೇ ಅದರ ಅರ್ಥವೆಂದು ತಿಳಿಯಿತು. ಅವನು ಸುತ್ತಲೂ ನೋಡಿದ. ಆಮೇಲೆ ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಯನ್ನು ನೋಡಿದ. ಅದರ ಮರ ಒಣಗಿದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಹೊಸದುರ್ಗದ ಬಿಸಿಲಿನಲ್ಲಿ ವರ್ಷಗಟ್ಟಲೆ ಒಣಗಿದ ಸಾಗುವಾನಿ ಅದು. ಕಪ್ಪು ಚೀಲ ಸಮುದ್ರದ ಪಾಲಾಗಿತ್ತು, ಕರಿ ಕಂಬಳಿ ಹಡಗಿನ ಬಚ್ಚಲಿನಲ್ಲಿತ್ತು. ಆ ಗುಡಿಸಲಿಗೆ ಕಿಟಕಿಯಿತ್ತು, ಹೊರಗೆ ಎಂದೂ ಮುಳುಗದ ಸೂರ್ಯನಿದ್ದ. ನಾನು ಪೆಟ್ಟಿಗೆಯನ್ನು ಹಿಡಿದುಕೊಂಡೇ ಕೂತೆ. ಎಷ್ಟು ಹೊತ್ತು ಎಂದು ಗಂಗಮ್ಮನನ್ನು ಆಮೇಲೆ ಕೇಳಿದ್ದೇನೆ. ಜಾಸ್ತಿ ಇಲ್ಲ ಎನ್ನುತ್ತಾಳೆ. ಅವಳು ಆಗ ಅಂದದ್ದು ಒಂದೇ ಮಾತು.

“ಗಾಜು ಇನ್ನೊಂದು ಮಾಡಾಣ. ಒಡೀರಿ.”

ಮೂಲೆಗೆ ತಿರುಗಿ, ಜಾಕೆಟ್ಟನ್ನು ತಲೆಯ ಮೇಲೆ ಎಳೆದುಕೊಂಡು ಪೆಟ್ಟಿಗೆ ತೆರೆದೆ. ಪ್ಲೇಟುಗಳನ್ನು ಒಂದರ ಮೇಲೊಂದು ಒತ್ತಿ ಜೋಡಿಸಿ ಅಲ್ಲಿದ್ದ ಕಬ್ಬಿಣದ ಮಂಚದ ಹಾಸಿಗೆಯ ಕೆಳಗೆ ತಳ್ಳಿದೆ. ಅವಸರಕ್ಕೆ ಒಂದೆರಡು ಒಡೆದವು. ಇಂಗ್ರಿಡ್‌ಗೆ ಆ ಸದ್ದು ಕೇಳಿಸಿತು. ಅರ್ಧ ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಖಾಲಿ ಪೆಟ್ಟಿಗೆ ನೋಡಿ ಏನೋ ಹೇಳಿದಳು. ನಾರ್ವೆಯ ಭಾಷೆ. ಅದನ್ನು ಲಾರ್ಸ್ ಅನುವಾದಿಸಲಿಲ್ಲ. ಯಾವ ಪೆಟ್ಟಿಗೆಗಾಗಿ ಅವಳು ನೀರಿನಲ್ಲಿ ನಿಂತಿದ್ದಳೋ ಅದನ್ನು ಅವಳ ಕಣ್ಣೆದುರಿಗೇ ಲಾರ್ಸ್‌ನ ಕೊಡಲಿಗೆ ಕೊಟ್ಟೆ.

ಸಾಗುವಾನಿ ಮೊದಲ ಕಡ್ಡಿಗೇ ಹತ್ತಿಕೊಂಡಿತು. ಒಳಗಿನ ತೆಳ್ಳನೆಯ ಪಟ್ಟಿಗಳು ಚಟಚಟ ಉರಿದವು. ಅದರ ಕಾವಿಗೆ ಒದ್ದೆ ಸೌದೆಯೂ ಮೆಲ್ಲಗೆ ದಾರಿಗೆ ಬಂತು. ಒಲೆ ಕೆಂಪಾಯಿತು.

ಇಂಗ್ರಿಡ್ ನಿದ್ದೆ ಹೋಗದಂತೆ ನೋಡಿಕೊಳ್ಳಬೇಕು ಎಂದು ಲಾರ್ಸ್ ಹೇಳಿದ್ದ. ಗಂಗಮ್ಮ ಆ ಕೆಲಸವನ್ನು ಸ್ಟುಡಿಯೊದ ದನಿಯಲ್ಲಿ ಮಾಡಿದಳು. ತೂಕಡಿಸುವ ಮಕ್ಕಳನ್ನು ಕ್ಯಾಮೆರಾದ ಮುಂದೆ ಎಚ್ಚರಿಸುವ ದನಿ ಅದು.

“ಕಣ್ ಬಿಡವ್ವ. ಇತ್ತ ನೋಡು. ಗದ್ದ ಮ್ಯಾಕೆತ್ತು.”

ಒಂದಕ್ಷರ ಕನ್ನಡ ಬಾರದ ಇಂಗ್ರಿಡ್ ಪ್ರತಿಸಲವೂ ಕಣ್ಣು ಬಿಟ್ಟಳು. ಬಹಳ ಹೊತ್ತಿನ ಮೇಲೆ ಮತ್ತೆ ನಡುಗತೊಡಗಿದಳು. ಲಾರ್ಸ್ ಅದನ್ನು ನೋಡಿ ನೆಲದ ಮೇಲೆ ಕೂತು ಮೊದಲ ಬಾರಿಗೆ ಹೆಗಲಿನ ಬಂದೂಕು ಇಳಿಸಿ ಪಕ್ಕಕ್ಕಿಟ್ಟ. ನಂತರ ಅಳತೊಡಗಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಎಲ್ಲ ಬಿಳಿ.

ಕಾವಳ ಕಳೆದು ಮಂಜು ಹಿಂದೆ ಸರಿದ ಮೇಲೆ ಹಡಗಿನಿಂದ ಕರೆ ಬಂತು. ಹೊರಡುವಾಗ ಲಾರ್ಸ್ ಒಲೆಯ ಪಕ್ಕದಲ್ಲಿ ಮುಂದಿನವರಿಗಾಗಿ ಸೌದೆ ಜೋಡಿಸಿದ. ಒಲೆಯ ಕಾವಿನಲ್ಲಿ ಒಣಗಿದ ಚಕ್ಕೆಗಳು ಸ್ವಲ್ಪವೇ ಇದ್ದವು. ಪೆಟ್ಟಿಗೆಯ ಮುಚ್ಚಳ ಉರಿಯದೆ ಉಳಿದಿತ್ತು. ಅದರ ಮೇಲೆ ನಮ್ಮ ಸ್ಟುಡಿಯೊದ ಹೆಸರು, ಕೆಳಗೆ ಹಿರಿಯೂರು ಎಂದು ಬಿಳಿ ಬಣ್ಣದಲ್ಲಿ ಬರೆಸಿದ್ದೆ. ಇದನ್ನು ಮನೆಗೆ ಒಯ್ಯುತ್ತೀಯಾ ಎಂದು ಲಾರ್ಸ್ ಕೇಳಿದ. ಇಲ್ಲೇ ಇರಲಿ ಎಂದೆ. ಬೇಗ ಹತ್ತಿಕೊಳ್ಳಲಿ ಎಂದು ಅವನು ಚಾಕುವಿನಿಂದ ಅದರ ಒಂದು ಅಂಚನ್ನು ಎಳೆಎಳೆಯಾಗಿ ಕೆತ್ತಿ, ಬೆಂಕಿಪೊಟ್ಟಣದ ಪಕ್ಕ ನಿಲ್ಲಿಸಿದ.

ಮತ್ತೆ ಹಿರಿಯೂರು

ಬೆಳಕು ಬಿದ್ದ ಪ್ಲೇಟುಗಳನ್ನು ಹಡಗಿನಿಂದಲೇ ಸಮುದ್ರಕ್ಕೆ ಎಸೆಯೋಣ ಎಂದುಕೊಂಡಿದ್ದೆ. ಇಂಗ್ರಿಡ್ ಒಪ್ಪಲಿಲ್ಲ. ಎದ್ದು ಓಡಾಡುವಂತಾದ ದಿನವೇ ಹಡಗಿನ ಬಚ್ಚಲಿನಲ್ಲಿ ಕೂತು ಎಲ್ಲವನ್ನೂ ತೊಳೆದಳು. ಒಂದೊಂದೂ ಇದ್ದಿಲಿನಷ್ಟು ಕಪ್ಪು. ಕಂತೆಯ ನಡುವಿನಲ್ಲಿದ್ದ ಒಂದರಲ್ಲಿ ಮಾತ್ರ ಬೆಳಕು ಅಂಚುಗಳಿಂದ ನುಗ್ಗಿ ನಡುವನ್ನು ತಲುಪಿರಲಿಲ್ಲ. ಅಲ್ಲಿ ಗಂಗಮ್ಮ ಆ ಕೊಲ್ಲಿಯ ದಡದಲ್ಲಿ ನಿಂತಿದ್ದಾಳೆ. ಕಾಗದಕ್ಕೆ ಇಳಿಸಿದರೆ ಗಾಜಿನ ಕಪ್ಪು ಬಿಳಿಯಾಗುತ್ತದೆ. ಸುತ್ತ ನಾಲ್ಕೂ ಕಡೆಯಿಂದ ಬಿಳಿ ಕವಿದು ಬರುತ್ತಿದೆ, ನಡುವೆ ಅವಳೊಬ್ಬಳು.

ಇಂಗ್ರಿಡ್‌ಳ ಎರಡು ಬೆರಳುಗಳಿಗೆ ಬಹಳ ತಿಂಗಳು ಸ್ಪರ್ಶ ತಿಳಿಯುತ್ತಿರಲಿಲ್ಲ. ಈಗ ಪರವಾಗಿಲ್ಲವಂತೆ. ಫೋನು ಮಾಡಿದಾಗೆಲ್ಲ ಗಂಗಮ್ಮನನ್ನೇ ಕೇಳುತ್ತಾಳೆ. ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತಾರೋ ನಾನು ತಿಳಿಯಲು ಹೋಗಿಲ್ಲ.

ಆ ಫೋಟೊ ನಮ್ಮ ಸ್ಟುಡಿಯೊದಲ್ಲಿದೆ. ಬಂದವರೆಲ್ಲ, ಏನು ಹಿಮ ಸುರಿದಿದೆ ಎಂದು ಹೊಗಳುತ್ತಾರೆ. ಅವತ್ತು ಅಲ್ಲಿ ಒಳ್ಳೆಯ ಬಿಸಿಲಿತ್ತು ಎಂದು ಮೊದಮೊದಲು ಹೇಳುತ್ತಿದ್ದೆ. ಯಾರೂ ನಂಬದ್ದರಿಂದ ಬಿಟ್ಟೆ. ಸೀರೆಯ ಅಂಚು ಕಾಣುವುದಿಲ್ಲ ಎಂಬುದೊಂದೇ ಗಂಗಮ್ಮನ ದೂರು.

ಮುಂದಿನ ವರ್ಷ ಬೇಸಿಗೆಯಲ್ಲಿ ಲಾರ್ಸ್ ಒಂದು ಸಂದೇಶ ಕಳಿಸಿದ. ಅವನು ಬೇರೆ ಪ್ರವಾಸಿಗರೊಂದಿಗೆ ಆ ಗುಡಿಸಲಿಗೆ ಹೋಗಿದ್ದನಂತೆ. ಮುಚ್ಚಳ ಅಲ್ಲಿರಲಿಲ್ಲ. ವಸಂತದಲ್ಲಿ ಬಿರುಗಾಳಿಗೆ ಸಿಕ್ಕ ಇಬ್ಬರು ಅಲ್ಲಿ ಉಳಿದಿದ್ದರಂತೆ, ಆ ಮುಚ್ಚಳದಿಂದಲೇ ಒಲೆ ಹಚ್ಚಿದೆವು ಎಂದು ಅವನಿಗೆ ಹೇಳಿದರಂತೆ. ಒಲೆಯ ಪಕ್ಕ ಅವರು ಹೊಸದಾಗಿ ಸೀಳಿದ ಒಣ ಸೌದೆ ಒಟ್ಟಿ ಹೋಗಿದ್ದರು.

ಗಂಗಮ್ಮ ಅಡಿಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಹೋಗಿ ಓದಿ ಹೇಳಿದೆ. ಅವಳು ಕೋಲು ನಿಲ್ಲಿಸಲಿಲ್ಲ.

“ಚೆನ್ನಾಗ್ ಉರೀತಂತ?” ಎಂದು ಕೇಳಿದಳು.

ಉರಿಯಿತಂತೆ ಎಂದೆ.